ಪಿಎಚ್ ಪೆನ್ ಸುಳ್ಳು ಹೇಳುತ್ತಿದೆಯಾ, ನೀರೇ ಬದಲಾಗುತ್ತಿದೆಯಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಟೆರೇಸಿನಲ್ಲಿ ಪೈಪು ಕೂರಿಸಿ, ಮಣ್ಣಿಲ್ಲದೆ ಗೊಬ್ಬರ ಕಲಸಿದ ನೀರಿನಲ್ಲೇ ಲೆಟ್ಯೂಸ್, ಪಾಲಕ್ ಬೆಳೆಸುತ್ತಿದ್ದೇವೆ. ನೀರು ಮನೆಯ ಸುರಂಗದ್ದು, ಅಂದರೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಬಿಲದ್ದು. ಬೆಳಿಗ್ಗೆ ಟ್ಯಾಂಕಿ ತುಂಬಿಸಿ ನೋಡಿದರೆ ನೀರಿನ ಹುಳಿ ಅಳೆಯುವ ಪಿಎಚ್ ಪೆನ್ 5.4 ತೋರಿಸುತ್ತದೆ (ಅಂಕಿ ಇಳಿದಷ್ಟು ಹುಳಿ ಜಾಸ್ತಿ), ಅದೇ ನೀರು ಸಂಜೆಗೆ 6.3. ಪೆನ್ ಹಾಳಾಗಿದೆ ಅಂತ ಇನ್ನೊಂದು ತರಿಸಿದೆವು, ಅದು ಬೇರೆಯೇ ಲೆಕ್ಕ ಹೇಳುತ್ತದೆ. ಅಂಗಡಿಯವರು ಪೆನ್ನಿನ ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿಡಿ ಅಂದಿದ್ದರು, ಹಾಗೇ ಇಟ್ಟಿದ್ದೇವೆ. ನೀರಿನಲ್ಲಿ ಕರಗಿದ ಉಪ್ಪು, ಗೊಬ್ಬರ ಎಷ್ಟಿದೆ ಅಂತ ನೋಡುವ ಇಸಿ ಪೆನ್ನಿನಲ್ಲಿ ವಿಡಿಯೋದಲ್ಲಿ ಹೇಳಿದಷ್ಟೇ ಪಿಪಿಎಂ ಬರುವ ಹಾಗೆ ಗೊಬ್ಬರ ಹಾಕಿದರೂ ಎಲೆಯ ಅಂಚು ಸುಡುತ್ತದೆ. ಎಷ್ಟು ದಿನಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಪೆನ್ನಿನ ಅಂಕಿ ಸರಿಹೊಂದಿಸಬೇಕು? ಜಾಸ್ತಿ ಬೆಲೆಯ ಮೀಟರ್ ತಗೊಂಡರೆ ಈ ತಲೆನೋವು ಹೋಗುತ್ತದಾ?

ಉತ್ತರ: ಮೊದಲು ಆ ಪಿಎಚ್ ಪೆನ್ನನ್ನು ಡಿಸ್ಟಿಲ್ಡ್ ವಾಟರಿನಿಂದ ಹೊರಗೆ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿದರೂ ಆದೀತು.

ಪಿಎಚ್ ಪೆನ್ನಿನ ತುದಿಯಲ್ಲಿ ಒಂದು ತೆಳು ಗಾಜಿನ ಗುಂಡು ಇದೆ, ಅದರ ಪಕ್ಕದಲ್ಲೇ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಒಂದು ಚುಕ್ಕೆ ಇದೆ. ಎಲ್ಲರೂ ಗಾಜಿನ ಗುಂಡನ್ನು ಮಾತ್ರ ನೋಡುತ್ತಾರೆ. ಆದರೆ ಆ ಚುಕ್ಕೆಗೆ ಜಂಕ್ಷನ್ ಅಂತ ಹೆಸರು, ಒಳಗಿರುವ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣಕ್ಕೂ ಹೊರಗಿನ ನೀರಿಗೂ ಸಂಪರ್ಕ ಆಗುವುದು ಅದರ ಮೂಲಕವೇ. ತುದಿಯನ್ನು ಶುದ್ಧ ನೀರಿನಲ್ಲಿ ದಿನಗಟ್ಟಲೆ ಇಟ್ಟರೆ ಒಳಗಿನ ಉಪ್ಪು ಮೆಲ್ಲಗೆ ಹೊರಗೆ ಸೋರುತ್ತದೆ, ಗಾಜಿನ ಮೇಲಿನ ತೇವದ ಪದರವೂ ಕೆಡುತ್ತದೆ. ಪೆನ್ ಸಾಯುವುದಿಲ್ಲ, ಅದೇ ತೊಂದರೆ. ಸತ್ತರೆ ಬಿಸಾಡಿ ಹೊಸತು ತರಬಹುದಿತ್ತು. ಇದು ಬದುಕಿದ್ದುಕೊಂಡೇ ನಿಧಾನ ಆಗುತ್ತದೆ, ಇವತ್ತೊಂದು ನಾಳೆಯೊಂದು ಹೇಳುತ್ತದೆ, ನೀವು ಅದನ್ನು ನಂಬಿ ಟ್ಯಾಂಕಿಗೆ ಆಸಿಡ್ ಸುರಿಯುತ್ತೀರಿ.

ಇಡಬೇಕಾದದ್ದು 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದಲ್ಲಿ. ಸ್ಟೋರೇಜ್ ಸೊಲ್ಯೂಷನ್ ಅಂತ ಸಣ್ಣ ಬಾಟಲಿಯಲ್ಲಿ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಲ್ಯಾಬಿನ ಗುಣಮಟ್ಟದ ಪುಡಿ 22.4 ಗ್ರಾಂ ತೆಗೆದುಕೊಂಡು ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಒಟ್ಟು 100 ಮಿಲಿ ಆಗುವ ಹಾಗೆ ಮಾಡಿ. ಅಡಿಕೆ ತೋಟಕ್ಕೆ ಹಾಕುವ ಪೊಟ್ಯಾಶ್ ಕೂಡ ಅದೇ ಅಲ್ವಾ ಅಂತ ಕೇಳಬೇಡಿ. ಹೌದು, ಅದೂ ಪೊಟ್ಯಾಶಿಯಂ ಕ್ಲೋರೈಡೇ, ಆದರೆ ಅದರ ಕೆಂಪು ಬಣ್ಣ ಬಂದದ್ದು ಕಬ್ಬಿಣದ ಅಂಶದಿಂದ, ಜೊತೆಗೆ ಬೇಡದ ಬೇರೆ ಉಪ್ಪುಗಳೂ ಇರುತ್ತವೆ. ಜಂಕ್ಷನ್ ಕಟ್ಟಿಕೊಳ್ಳಲು ಅಷ್ಟು ಸಾಕು. ಪೆನ್ನಿನ ಕ್ಯಾಪಿನೊಳಗೆ ಒಂದು ತುಂಡು ಸ್ಪಂಜು ಇರುತ್ತದೆ, ಇಲ್ಲದಿದ್ದರೆ ಸ್ವಲ್ಪ ಹತ್ತಿ ಇಟ್ಟು ಈ ದ್ರಾವಣದ ಕೆಲವು ಹನಿ ಹಾಕಿ ಕ್ಯಾಪ್ ಮುಚ್ಚಿದರೆ ಆಯಿತು. ಕ್ಯಾಪಿನ ಸುತ್ತ ಬಿಳಿ ಹರಳು ಕಟ್ಟಿದರೆ ಗಾಬರಿ ಬೇಡ, ಅದು ಒಣಗಿದ ಉಪ್ಪು, ತೊಳೆದರೆ ಹೋಗುತ್ತದೆ. ದ್ರಾವಣ ಕೈಗೆ ಸಿಗುವ ತನಕ ಪಿಎಚ್ 4ರ ಬಫರಿನಲ್ಲಿ (ಪಿಎಚ್ ಇಷ್ಟೇ ಅಂತ ಮೊದಲೇ ಗೊತ್ತಿರುವ ದ್ರಾವಣ) ಇಡಿ. ಅದೂ ಇಲ್ಲವೆಂದರೆ ಗೊಬ್ಬರ ಕಲಸಿದ ಟ್ಯಾಂಕಿ ನೀರಿನಲ್ಲೇ ಇಡಿ, ಡಿಸ್ಟಿಲ್ಡ್ ವಾಟರಿಗಿಂತ ಅದೇ ವಾಸಿ. ಡಿಸ್ಟಿಲ್ಡ್ ವಾಟರ್ ಇರುವುದು ತೊಳೆಯಲಿಕ್ಕೆ, ಇಡಲಿಕ್ಕೆ ಅಲ್ಲ.

ಈಗ ನಿಮ್ಮ 5.4 ಮತ್ತು 6.3ರ ವಿಷಯ. ಇಲ್ಲಿ ನನ್ನ ಅನುಮಾನ ಪೆನ್ನಿಗಿಂತ ನೀರಿನ ಮೇಲೆ ಜಾಸ್ತಿ.

ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯ ಸುರಂಗದ ನೀರು ಅಂದರೆ ಮುರಕಲ್ಲಿನ ಗುಡ್ಡೆಯೊಳಗಿಂದ ಒಸರಿ ಬರುವ ನೀರು. ಕುಡಿಯಲಿಕ್ಕೆ ಅದಕ್ಕೆ ಸಮ ಇನ್ನೊಂದಿಲ್ಲ. ಆದರೆ ಅದು ತುಂಬಾ ಮೆದು ನೀರು. ಸುಣ್ಣದ ಅಂಶ ಕಡಿಮೆ, ಕರಗಿದ ಉಪ್ಪು ಕಡಿಮೆ, ಸಾಮಾನ್ಯವಾಗಿ ಸ್ವಲ್ಪ ಹುಳಿ ಕಡೆಗೇ ಇರುತ್ತದೆ. ನೆಲದೊಳಗೆ ಇರುವಾಗ ಮಣ್ಣಿನ ಕಾರ್ಬನ್ ಡೈ ಆಕ್ಸೈಡ್ ಅದರಲ್ಲಿ ಕರಗಿರುತ್ತದೆ, ಅದರಿಂದಲೇ ಪಿಎಚ್ ಕೆಳಗಿಳಿದಿರುತ್ತದೆ. ಹೊರಗೆ ಬಂದು, ಟ್ಯಾಂಕಿಗೆ ಬಿದ್ದು, ಪೈಪಿನಲ್ಲಿ ತೆಳ್ಳಗೆ ಹರಿದು, ಪಂಪಿನಿಂದ ಮತ್ತೆ ಮೇಲೆ ಬಂದು, ಹೀಗೆ ಇಡೀ ದಿನ ಗಾಳಿ ತಾಗಿದಾಗ ಆ ಗ್ಯಾಸು ಹಾರಿಹೋಗುತ್ತದೆ. ಪಿಎಚ್ ತನ್ನಿಂದ ತಾನೇ ಏರುತ್ತದೆ. ಹಾಗಾಗಿ ಬೆಳಿಗ್ಗೆಯ 5.4 ನಿಜವೇ ಇರಬಹುದು, ಸಂಜೆಯ 6.3 ಕೂಡ ನಿಜವೇ ಇರಬಹುದು.

ಇದನ್ನು ತಿಳಿಯಲು ಸುಲಭದ ದಾರಿ ಇದೆ. ಸುರಂಗದ ಬಾಯಿಯಿಂದ ನೇರ ಒಂದು ಬಕೆಟ್ ನೀರು ಹಿಡಿಯಿರಿ, ಗೊಬ್ಬರ ಏನೂ ಹಾಕಬೇಡಿ. ಆಗಲೇ ಪಿಎಚ್ ನೋಡಿ ಬರೆದಿಡಿ. ಮೀನಿನ ತೊಟ್ಟಿಗೆ ಹಾಕುವ ಏರ್ ಪಂಪ್ ಇದ್ದರೆ ಅದರಲ್ಲಿ ರಾತ್ರಿಯಿಡೀ ಗಾಳಿ ಬಿಡಿ, ಇಲ್ಲದಿದ್ದರೆ ಎರಡು ಬಕೆಟ್ ಇಟ್ಟುಕೊಂಡು ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಎತ್ತರದಿಂದ ಸುರಿಯಿರಿ. ಮತ್ತೆ ನೋಡಿ. ಏರಿ ನಿಂತಿದ್ದರೆ ಪೆನ್ನಿನ ತಪ್ಪಿಲ್ಲ. ಇನ್ನು ಮುಂದೆ ಹಿಂದಿನ ದಿನವೇ ನೀರು ತುಂಬಿಸಿ ಗಾಳಿ ತಾಗಿಸಿ, ಆಮೇಲೆ ಗೊಬ್ಬರ ಹಾಕಿ, ಕಲಸಿ, ಅರ್ಧ ಗಂಟೆ ಪಂಪ್ ಓಡಿಸಿ, ಆಮೇಲಷ್ಟೇ ಪಿಎಚ್ ತಿದ್ದಿ. ಗೊಬ್ಬರಕ್ಕೆ ಮೊದಲು ಪಿಎಚ್ ತಿದ್ದುವುದು ದಂಡ, ಗೊಬ್ಬರ ಬಿದ್ದ ಮೇಲೆ ಲೆಕ್ಕವೇ ಬೇರೆಯಾಗುತ್ತದೆ. ಮೆದು ನೀರಿಗೆ ಪಿಎಚ್ ಬದಲಾವಣೆಯನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆ. ವಿಡಿಯೋದಲ್ಲಿ ಬೋರ್‌ವೆಲ್ ನೀರಿಗೆ ಹೇಳಿದ ಆಸಿಡ್ ಅಳತೆಯನ್ನು ನಿಮ್ಮ ಟ್ಯಾಂಕಿಗೆ ಹಾಕಿದರೆ ಪಿಎಚ್ ಒಂದೇ ಸಲ 4ಕ್ಕೆ ಬಿದ್ದೀತು. ಹನಿ ಹನಿಯಾಗಿ ಹಾಕಿ.

ಇನ್ನೊಂದು ಸಂಗತಿ. ಉಪ್ಪು ತೀರಾ ಕಡಿಮೆ ಇರುವ ನೀರಿನಲ್ಲಿ ಒಳ್ಳೆಯ ಪಿಎಚ್ ಮೀಟರ್ ಕೂಡ ತಡಬಡಾಯಿಸುತ್ತದೆ. ಅಂಕಿ ನಿಲ್ಲುವುದಿಲ್ಲ, ಮೆಲ್ಲಗೆ ಜಾರುತ್ತಲೇ ಇರುತ್ತದೆ. ಮಳೆ ನೀರು, ಸುರಂಗದ ನೀರು, ಆರ್‌ಓ ನೀರು, ಮೂರರಲ್ಲೂ ಇದೇ ಕಥೆ. ಹಾಗಾಗಿ ಎರಡು ಪೆನ್ನುಗಳನ್ನು ಬರೀ ಸುರಂಗದ ನೀರಿನಲ್ಲಿ ಅದ್ದಿ ಹೋಲಿಸುವುದರಲ್ಲಿ ಅರ್ಥವಿಲ್ಲ. ಗೊಬ್ಬರ ಕಲಸಿದ ನೀರಿನಲ್ಲಿ ಹೋಲಿಸಿ. ಒಂದು ಪುಟ್ಟ ಲೋಟಕ್ಕೆ ನೀರು ತೆಗೆದು, ಪೆನ್ನಿನಿಂದಲೇ ಮೆಲ್ಲಗೆ ಕಲಕಿ, ಒಂದು ನಿಮಿಷ ಬಿಟ್ಟು ಓದಿ.

ಬಿಸಿಲು ಬೀಳುವ ಟ್ಯಾಂಕಿ ಆಗಿದ್ದರೆ ಮುಚ್ಚಳ ಎತ್ತಿ ಒಳಗೆ ಒಮ್ಮೆ ಕೈಯಾಡಿಸಿ ನೋಡಿ. ಗೋಡೆ ಲೊಳೆಲೊಳೆ ಅನ್ನಿಸಿ ಬೆರಳಿಗೆ ಹಸಿರು ಹತ್ತಿದರೆ ಪಾಚಿ. ಪಾಚಿ ಹಗಲು ಕಾರ್ಬನ್ ಡೈ ಆಕ್ಸೈಡ್ ಎಳೆದುಕೊಳ್ಳುತ್ತದೆ, ರಾತ್ರಿ ಬಿಡುತ್ತದೆ. ಆಗಲೂ ಪಿಎಚ್ ಮಧ್ಯಾಹ್ನಕ್ಕೆ ಏರಿ ಬೆಳಗ್ಗೆ ಇಳಿಯುತ್ತದೆ. ಟ್ಯಾಂಕಿಗೆ ಕಪ್ಪು ಬಣ್ಣ ಬಳಿಯಿರಿ, ಅದರ ಮೇಲೆ ಬಿಳಿ ಬಣ್ಣ. ಬೆಳಕೂ ಒಳಗೆ ಹೋಗುವುದಿಲ್ಲ, ಕಾಯುವುದೂ ಕಡಿಮೆ. ಗಿಡಗಳೂ ನೈಟ್ರೇಟ್ ಎಳೆದುಕೊಂಡ ಹಾಗೆ ಪಿಎಚ್ ಸ್ವಲ್ಪ ಸ್ವಲ್ಪ ಏರಿಸುತ್ತವೆ. ಎರಡು ಮೂರು ದಿನದಲ್ಲಿ 5.8ರಿಂದ 6.2ಕ್ಕೆ ಹೋಯಿತು ಅಂದರೆ ಗಿಡ ಚೆನ್ನಾಗಿ ತಿನ್ನುತ್ತಿದೆ ಅಂತ ತಿಳಿಯಿರಿ. ಸೊಪ್ಪಿಗೆ 5.5ರಿಂದ 6.5ರ ಒಳಗಿದ್ದರೆ ಸಾಕು. 6.1 ಬಂತು, 6.0 ಆಗಬೇಕಿತ್ತು ಅಂತ ದಿನಾ ಆಸಿಡ್ ಬಾಟಲಿ ಹಿಡಿದು ಓಡಾಡುವುದು ಬೇಡ ಮಾರಾಯ್ರೆ.

ನೀರಿನ ಪಾಲು ಅಷ್ಟು. ಪೆನ್ನಿನ ಪಾಲು ಎಷ್ಟು ಅಂತ ಹೇಗೆ ತಿಳಿಯುವುದು? ಎರಡು ಪೆನ್ ಜಗಳವಾಡಿದರೆ ಮೂರನೇ ಪೆನ್ ತಂದು ಪ್ರಯೋಜನ ಇಲ್ಲ, ಜಗಳಕ್ಕೆ ಇನ್ನೊಬ್ಬರು ಸೇರಿದ ಹಾಗೆ. ಪಂಚಾತಿಗೆ ಮಾಡಬೇಕಾದದ್ದು ಬಫರ್ ದ್ರಾವಣ.

ನಮ್ಮಲ್ಲಿ ಪೆನ್ ಜೊತೆ ಬರುವ ಬಫರ್ ಪುಡಿಯ ಪೊಟ್ಟಣಗಳು ಸಾಮಾನ್ಯವಾಗಿ 4.01, 6.86 ಮತ್ತು 9.18. ಹೆಚ್ಚಿನವನ್ನು 250 ಮಿಲಿ ಡಿಸ್ಟಿಲ್ಡ್ ವಾಟರಿಗೆ ಹಾಕಬೇಕು, ಪೊಟ್ಟಣದ ಮೇಲೆ ಬರೆದದ್ದನ್ನು ನೋಡಿಕೊಳ್ಳಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಎಂ ವಾಟರ್ (ಕರಗಿದ ಲವಣ ತೆಗೆದ ನೀರು) ಆಗುತ್ತದೆ. ಆದರೆ ಬಾಟಲಿ ನೋಡಿ ತಗೊಳ್ಳಿ, ಪಕ್ಕದಲ್ಲೇ ಬ್ಯಾಟರಿ ಆಸಿಡ್ ಕೂಡ ಇಟ್ಟಿರುತ್ತಾರೆ. ತಂದ ನೀರಿಗೆ ಇಸಿ ಪೆನ್ ಅದ್ದಿ, ಸೊನ್ನೆಯ ಆಸುಪಾಸು ಇದ್ದರೆ ಸರಿ. ನಿಮ್ಮ ಸೊಪ್ಪಿನ ಕೆಲಸಕ್ಕೆ 6.86 ಮತ್ತು 4.01 ಎರಡೇ ಸಾಕು, ಏಕೆಂದರೆ ನಿಮ್ಮ ನೀರು ಇರಬೇಕಾದದ್ದು ಇವೆರಡರ ನಡುವೆ. 9.18 ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಎಳೆದುಕೊಂಡು ಬೇಗ ಕೆಡುತ್ತದೆ, ಅದನ್ನು ಕಲಸಲೇ ಬೇಡಿ.

ಇಲ್ಲೊಂದು ಹೊಂಡ ಇದೆ, ಬಹಳ ಜನ ಬೀಳುತ್ತಾರೆ. ಕೆಲವು ಪೆನ್ನುಗಳು 6.86 ಬಯಸುತ್ತವೆ, ಕೆಲವು 7.00. ಬಟನ್ ಒತ್ತಿದ ಕೂಡಲೇ ತಾನೇ ಗುರುತು ಹಿಡಿಯುವ ಪೆನ್ ಆಗಿದ್ದು, ಅದಕ್ಕೆ 7.00 ಅಂತ ಲೆಕ್ಕ ಇದ್ದು, ನೀವು 6.86ರಲ್ಲಿ ಅದ್ದಿ ಒತ್ತಿದರೆ ಅದು ಆ ದ್ರಾವಣವನ್ನೇ 7 ಅಂತ ನಂಬುತ್ತದೆ. ಅಲ್ಲಿಂದ ಮುಂದೆ ಆ ಆಸುಪಾಸಿನ ಅಂಕಿಯೆಲ್ಲ 0.14ರಷ್ಟು ಮೇಲೆ. ನಿಮ್ಮ ಎರಡು ಪೆನ್ನಿನ ಜಗಳದಲ್ಲಿ ಇದರದ್ದೂ ಪಾಲು ಇರಬಹುದು. ಪೆನ್ನಿನ ಜೊತೆ ಬಂದ ಚೀಟಿ ಹುಡುಕಿ ಓದಿ.

ಕ್ಯಾಲಿಬ್ರೇಟ್ ಮಾಡುವುದು ಹೀಗೆ. ಎರಡು ಬಫರನ್ನೂ ಪೆನ್ನನ್ನೂ ಒಂದೇ ಕೋಣೆಯಲ್ಲಿ ಸ್ವಲ್ಪ ಹೊತ್ತು ಇಡಿ, ಎಲ್ಲದರ ಬಿಸಿ ಒಂದೇ ಆಗಲಿ. ಫ್ರಿಜ್ಜಿನಿಂದ ತೆಗೆದ ಬಫರಿಗೆ ಹಾಗೇ ಅದ್ದಬೇಡಿ. ಚಿಕ್ಕ ಚಿಕ್ಕ ಲೋಟಕ್ಕೆ ಬೇಕಾದಷ್ಟೇ ಸುರಿದುಕೊಳ್ಳಿ. ತುದಿಯನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ನೀರನ್ನು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ಒರೆಸಬೇಡಿ, ಉಜ್ಜಿದರೆ ಗಾಜಿನ ಮೇಲೆ ಸ್ಟ್ಯಾಟಿಕ್ ಕೂತು ಅಂಕಿ ಕುಣಿಯುತ್ತದೆ. ಮೊದಲು 6.86ರಲ್ಲಿ ಅದ್ದಿ, ಅಂಕಿ ನಿಂತ ಮೇಲೆ ಬಟನ್ ಒತ್ತಿ ಅಥವಾ ಸ್ಕ್ರೂ ತಿರುಗಿಸಿ. ತೊಳೆಯಿರಿ. ಆಮೇಲೆ 4.01. ಬಳಸಿದ ಬಫರನ್ನು ಬಾಟಲಿಗೆ ವಾಪಸ್ ಹಾಕುವ ಆಸೆ ಬೇಡ, ಚೆಲ್ಲಿ.

ಎರಡನೆಯ ಬಫರಿನಲ್ಲಿ ಬಟನ್ ಒತ್ತುವ ಮೊದಲು ಪೆನ್ ಏನು ತೋರಿಸುತ್ತದೆ ಅಂತ ನೋಡಿ ಬರೆದಿಡಿ. ಪೆನ್ನಿನ ಆರೋಗ್ಯ ಇರುವುದು ಈ ಅಂಕಿಯಲ್ಲಿ. ಹೊಸ ಎಲೆಕ್ಟ್ರೋಡ್ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್ ಕೊಡುತ್ತದೆ. ಹಳತಾದ ಹಾಗೆ ಅದು ಕಡಿಮೆಯಾಗುತ್ತದೆ, ಇದಕ್ಕೆ ಸ್ಲೋಪ್ ಅಂತಾರೆ. ನಿಮ್ಮ ಪೆನ್ನಿನಲ್ಲಿ ಮಿಲಿವೋಲ್ಟ್ ಕಾಣದಿದ್ದರೂ ಲೆಕ್ಕ ಹಾಕಬಹುದು. 6.86ಕ್ಕೆ ಸರಿ ಮಾಡಿದ ಪೆನ್ 4.01ರಲ್ಲಿ 4.15 ತೋರಿಸಿತು ಅಂತಿಟ್ಟುಕೊಳ್ಳಿ. ಇರಬೇಕಾದ ಅಂತರ 2.85, ಬಂದದ್ದು 2.71. ಅಂದರೆ 95 ಶೇಕಡಾ, ಚೆನ್ನಾಗಿದೆ. 4.30 ತೋರಿಸಿದರೆ 90 ಶೇಕಡಾ, ತೊಳೆದು ನೋಡುವ ಸಮಯ. ತೊಳೆದ ಮೇಲೂ 85ಕ್ಕಿಂತ ಕೆಳಗೇ ಇದ್ದರೆ ಅದರ ಆಯುಷ್ಯ ಮುಗಿಯಿತು. ಸ್ಕ್ರೂ ತಿರುಗಿಸಿ ಬಲವಂತವಾಗಿ 4.01 ತರಬಹುದು, ಆದರೆ ಒಂದು ವಾರ ನಿಲ್ಲುವುದಿಲ್ಲ.

ಎಲ್ಲ ಬಫರಿನಲ್ಲೂ 7ರ ಹತ್ತಿರವೇ ನಿಂತರೆ? ಗಾಜು ಬಿರುಕು ಬಿಟ್ಟಿದೆ, ಇಲ್ಲವೇ ಒಳಗೆ ತೇವ ಸೇರಿ ಶಾರ್ಟ್ ಆಗಿದೆ. ನಮ್ಮ ಮಳೆಗಾಲದಲ್ಲಿ ಎರಡನೆಯದು ಮಾಮೂಲು. ಗಾಜಿನ ಎಲೆಕ್ಟ್ರೋಡಿನಿಂದ ಬರುವ ಸಿಗ್ನಲ್ ಎಷ್ಟು ಸಣ್ಣದೆಂದರೆ, ವೈರಿನ ಪ್ಲಗ್ಗಿನಲ್ಲಿ ಬೆರಳಿನ ಬೆವರು ಅಥವಾ ಮಳೆಗಾಲದ ತೇವ ಕೂತರೂ ಅದು ಅಲ್ಲೇ ಸೋರಿಹೋಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು, ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಮೀಟರ್ ಏನು ಮಾಡೀತು! ವೈರಿನ ಮೀಟರ್ ಆದರೆ ಪ್ಲಗ್ ಬಿಚ್ಚಿ ಹೇರ್ ಡ್ರೈಯರಿನಲ್ಲಿ ಬೆಚ್ಚಗಿನ ಗಾಳಿ ಕೊಡಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಪೆನ್ ಆದರೆ ಬ್ಯಾಟರಿ ಮುಚ್ಚಳ ತೆಗೆದು ಸ್ಪ್ರಿಂಗಿನಲ್ಲಿ ಹಸಿರು ಕಿಲುಬು ಇದೆಯಾ ನೋಡಿ. ಕೆಲಸವಾದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪೆನ್ನಿನ ಮೈ ಒಣಗಿರಬೇಕು, ತುದಿ ಮಾತ್ರ ಕ್ಯಾಪಿನೊಳಗೆ ಒದ್ದೆ ಇರಬೇಕು.

ಬಫರಿಗೂ ಮಳೆಗಾಲ ಆಗಿಬರುವುದಿಲ್ಲ. ಕಲಸಿಟ್ಟ 4ರ ಬಫರಿನಲ್ಲಿ ಬೂಸು ಬೆಳೆಯುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದಾಗ ಹತ್ತಿಯ ಎಳೆಯ ಹಾಗೆ ಏನಾದರೂ ತೇಲುತ್ತಿದ್ದರೆ ಚೆಲ್ಲಿಬಿಡಿ. ಬಾಟಲಿಯ ಮೇಲೆ ಕಲಸಿದ ತಾರೀಕು ಬರೆದು ಅಂಟಿಸಿ, ತಿಂಗಳಿಗೊಮ್ಮೆ ಹೊಸತು ಕಲಸಿ. ಕೆಟ್ಟ ಬಫರಿನಲ್ಲಿ ಕ್ಯಾಲಿಬ್ರೇಟ್ ಮಾಡುವುದಕ್ಕಿಂತ ಮಾಡದೇ ಇರುವುದು ಲೇಸು.

ತೊಳೆಯುವ ವಿಷಯ. ತುದಿಯ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದು ಗೊಬ್ಬರದ ಉಪ್ಪು. ಬಿಳಿ ವಿನೆಗರಿನಲ್ಲಿ ಕಾಲು ಗಂಟೆ ಅದ್ದಿಡಿ. ಜಿಡ್ಡು, ಪಾಚಿ ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಉಗುರು ಬೆಚ್ಚಗಿನ ನೀರು, ಬೇಕಿದ್ದರೆ ಮಕ್ಕಳ ಮೆತ್ತನೆ ಬ್ರಶ್, ಅದೂ ಗಾಜಿಗೆ ಒತ್ತದೆ. ಟಾಯ್ಲೆಟ್ ಕ್ಲೀನರಿನಲ್ಲೂ ಆಸಿಡ್ ಇದೆಯಲ್ಲ ಅಂತ ಅದರಲ್ಲಿ ಅದ್ದುವವರಿದ್ದಾರೆ. ಅದರಲ್ಲಿ ಬಣ್ಣವೂ ಇದೆ, ಅಂಟು ಬರಿಸುವ ವಸ್ತುವೂ ಇದೆ, ಜಂಕ್ಷನ್ನಿನಲ್ಲಿ ಕೂತರೆ ಮತ್ತೆ ಬರುವುದಿಲ್ಲ. ಯಾವುದರಲ್ಲೇ ತೊಳೆದರೂ ಕೊನೆಗೆ ಸ್ಟೋರೇಜ್ ದ್ರಾವಣದಲ್ಲಿ ಒಂದೆರಡು ಗಂಟೆ ಇಟ್ಟು, ಆಮೇಲೆ ಕ್ಯಾಲಿಬ್ರೇಟ್ ಮಾಡಿ. ನಿಮ್ಮ ಈಗಿನ ಪೆನ್ನನ್ನು ಒಂದು ರಾತ್ರಿ ಪೂರ್ತಿ ಆ ದ್ರಾವಣದಲ್ಲಿಟ್ಟು ನೋಡಿ, ಡಿಸ್ಟಿಲ್ಡ್ ವಾಟರಿನಲ್ಲಿ ಸುಸ್ತಾದದ್ದು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಒಂದು ಮಾತು ಕಡ್ಡಾಯ ಹೇಳಬೇಕು, ಏಕೆಂದರೆ ನಿಮಗೂ ಅಡಿಕೆ ತೋಟ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಮದ್ದು ಬಿಡುವಾಗ ಹೇಗೂ ಪೆನ್ ಇದೆಯಲ್ಲ ಅಂತ ಬೋರ್ಡೋ ದ್ರಾವಣದ ಡ್ರಮ್ಮಿಗೆ ಇದನ್ನು ಅದ್ದಬೇಡಿ. ಸುಣ್ಣ ಮತ್ತು ಮೈಲುತುತ್ತಿನ ಆ ಗಸಿ ಜಂಕ್ಷನ್ನಿಗೆ ಮೆತ್ತಿಕೊಂಡರೆ ಸೊಪ್ಪಿನ ಪೆನ್ ಕಥೆ ಅಲ್ಲಿಗೇ ಮುಗಿಯಿತು. ಅದಕ್ಕೆ ಲಿಟ್ಮಸ್ ಕಾಗದ ಸಾಕು, ಅಥವಾ ಹಿಂದಿನವರ ಹಾಗೆ ಉಜ್ಜಿದ ಚೂರಿ ಅದ್ದಿ ತಾಮ್ರದ ಬಣ್ಣ ಹತ್ತುತ್ತದಾ ನೋಡಿ. ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ.

ಇಸಿ ಪೆನ್ನಿಗೆ ಬರೋಣ. ಇದು ಪಿಎಚ್ ಪೆನ್ನಿನ ತದ್ವಿರುದ್ಧ ಜಾತಿ. ಇದರಲ್ಲಿ ಗಾಜಿಲ್ಲ, ಎರಡು ಪಿನ್ ಇರುತ್ತವೆ ಅಷ್ಟೇ. ಒದ್ದೆ ಇಡುವುದು ಬೇಕಿಲ್ಲ, ತೊಳೆದು ಒಣಗಿಸಿ ಇಡಿ. ಸಾಮಾನ್ಯವಾಗಿ ಬೇಗ ಹಾಳಾಗುವುದಿಲ್ಲ. ಪಿನ್ನುಗಳ ಮೇಲೆ ಬಿಳಿ ಪೊರೆ ಬಂದರೆ ವಿನೆಗರ್, ಬೆರಳಿನ ಎಣ್ಣೆ ತಾಗಿದ್ದರೆ ಸ್ಪಿರಿಟ್. ನೀರಿಗೆ ಅದ್ದಿದ ಮೇಲೆ ಲೋಟಕ್ಕೆ ಮೆಲ್ಲಗೆ ತಟ್ಟಿ, ಪಿನ್ನುಗಳ ನಡುವೆ ಗುಳ್ಳೆ ನಿಂತಿದ್ದರೆ ಅಂಕಿ ಕಡಿಮೆ ತೋರಿಸುತ್ತದೆ.

ಎಲೆ ಸುಡುವುದಕ್ಕೆ ನನಗೆ ಕಾಣುವ ಕಾರಣ ಪಿಪಿಎಂ. ಮೀಟರ್ ಅಳೆಯುವುದು ಇಸಿಯನ್ನು ಮಾತ್ರ, ಅಂದರೆ ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಪಿಪಿಎಂ ಅನ್ನುವುದು ಅದಕ್ಕೆ ಒಂದು ಸಂಖ್ಯೆಯಿಂದ ಗುಣಿಸಿ ತೋರಿಸುವ ಅಂದಾಜು. ಆ ಸಂಖ್ಯೆ ಕೆಲವು ಮೀಟರಿನಲ್ಲಿ 500, ಕೆಲವದರಲ್ಲಿ 640, ಕೆಲವದರಲ್ಲಿ 700. ಒಂದೇ ನೀರು, ಇಸಿ 1.6 ಮಿಲಿ ಸೀಮೆನ್ಸ್ ಇದ್ದರೆ, ಒಂದು ಪೆನ್ 800 ಅನ್ನುತ್ತದೆ, ಇನ್ನೊಂದು 1,120 ಅನ್ನುತ್ತದೆ. ಎರಡೂ ಸರಿಯೇ! ವಿಡಿಯೋದವರು 700ರ ಮೀಟರಿನಲ್ಲಿ 1,100 ಅಂದಿದ್ದು, ನೀವು 500ರ ಮೀಟರಿನಲ್ಲಿ 1,100 ಬರುವ ತನಕ ಗೊಬ್ಬರ ಸುರಿದಿದ್ದರೆ ನಿಮ್ಮ ಟ್ಯಾಂಕಿಯ ಇಸಿ 2.2 ಆಗಿದೆ. ಲೆಟ್ಯೂಸಿಗೆ 1.2ರಿಂದ 1.8 ಧಾರಾಳ, ನಮ್ಮ ಸೆಕೆಗೆ ಅದರ ಕೆಳಗಿನ ತುದಿಯೇ ಒಳ್ಳೆಯದು. ಬೇಸಿಗೆಯಲ್ಲಿ ಗಿಡ ನೀರು ಜಾಸ್ತಿ ಕುಡಿಯುತ್ತದೆ, ಟ್ಯಾಂಕಿಯಲ್ಲಿ ಉಪ್ಪು ಉಳಿಯುತ್ತದೆ, ಇಸಿ ತಾನಾಗಿಯೇ ಏರುತ್ತದೆ. ಪೆನ್ನಿನ ಮೋಡ್ ಬಟನ್ ಒತ್ತಿ ಇಸಿಗೆ ತನ್ನಿ, ಪಿಪಿಎಂ ಅನ್ನುವುದನ್ನು ಮರೆತುಬಿಡಿ. ಹಾಂ, ಎಲೆ ಅಂಚು ಸುಡುವುದಕ್ಕೆ ಗಾಳಿಯಾಡದೆ ಎಳೆ ಎಲೆಗೆ ಕ್ಯಾಲ್ಸಿಯಂ ತಲುಪದಿರುವುದೂ ಒಂದು ಕಾರಣ. ಆದರೆ ಮೊದಲು ಇಸಿ ಇಳಿಸಿ ನೋಡಿ.

ಬಿಸಿಯ ಲೆಕ್ಕವೂ ಇದೆ. ನೀರು ಒಂದು ಡಿಗ್ರಿ ಬಿಸಿಯಾದರೆ ಇಸಿ ಸುಮಾರು 2 ಶೇಕಡಾ ಏರುತ್ತದೆ. ಒಳ್ಳೆಯ ಪೆನ್ನುಗಳು ಇದನ್ನು 25 ಡಿಗ್ರಿಗೆ ತಾನೇ ಹೊಂದಿಸುತ್ತವೆ, ಎಟಿಸಿ ಅಂತ ಬರೆದಿರುತ್ತದೆ. ಅದಿಲ್ಲದ ಪೆನ್ನಿನಲ್ಲಿ ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯ ಟ್ಯಾಂಕಿ ನೋಡಿದರೆ 1.5 ಇರುವಲ್ಲಿ 1.8 ಕಾಣುತ್ತದೆ. ಎಟಿಸಿ ಇದ್ದರೂ ಪೆನ್ನಿಗೆ ನೀರಿನ ಬಿಸಿ ಹತ್ತಲು ಸ್ವಲ್ಪ ಹೊತ್ತು ಬೇಕು, ಅದ್ದಿದ ಕೂಡಲೇ ಓದಬೇಡಿ. ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆಯೇ ನೋಡುವ ಅಭ್ಯಾಸ ಇಟ್ಟುಕೊಂಡರೆ ಇಂಥ ಗೊಂದಲ ಅರ್ಧ ಕಡಿಮೆ.

ಇಸಿ ಕ್ಯಾಲಿಬ್ರೇಟ್ ಮಾಡಲು 1413 ಮೈಕ್ರೋ ಸೀಮೆನ್ಸ್ ದ್ರಾವಣ ತಗೊಳ್ಳಿ, ಅಂದರೆ 1.413 ಮಿಲಿ ಸೀಮೆನ್ಸ್. ನಿಮ್ಮ ಟ್ಯಾಂಕಿಯ ಇಸಿಗೆ ಹತ್ತಿರವೇ ಇದೆ. ಮನೆಯಲ್ಲೂ ಮಾಡಬಹುದು. ಒಣಗಿದ ಶುದ್ಧ ಪೊಟ್ಯಾಶಿಯಂ ಕ್ಲೋರೈಡ್ 7.46 ಗ್ರಾಂ ಕರಗಿಸಿ 1 ಲೀಟರ್ ಮಾಡಿ. ಅದರಿಂದ 100 ಮಿಲಿ ತೆಗೆದು ಮತ್ತೆ 1 ಲೀಟರ್ ಮಾಡಿದರೆ 25 ಡಿಗ್ರಿಯಲ್ಲಿ 1413 ಬರುತ್ತದೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಬೇಕು, ಅಡುಗೆಮನೆಯದು ಆಗುವುದಿಲ್ಲ. ಸುರಂಗದ ನೀರು ಎಷ್ಟು ಸ್ವಚ್ಛ ಇದ್ದರೂ ಇದಕ್ಕೆ ಬಳಸಬೇಡಿ.

ಪಿಎಚ್, ಇಸಿ ಎರಡೂ ಒಂದರಲ್ಲೇ ಇರುವ ಪೆನ್ ಆಗಿದ್ದರೆ ಕ್ಯಾಪ್ ತೆಗೆದ ಮೇಲೆ ಚೆನ್ನಾಗಿ ತೊಳೆಯಿರಿ, ಸ್ಟೋರೇಜ್ ದ್ರಾವಣದ ಒಂದು ಹನಿ ಉಳಿದರೂ ಇಸಿ ಮೇಲೆ ಹಾರುತ್ತದೆ. ಬೇರೆ ಬೇರೆ ಪೆನ್ ಇದ್ದು ಒಂದೇ ಲೋಟದ ನೀರು ನೋಡುವುದಾದರೆ ಮೊದಲು ಇಸಿ, ಆಮೇಲೆ ಪಿಎಚ್.

ಸುರಂಗದ ಬರೀ ನೀರಿನ ಇಸಿಯನ್ನು ಗೊಬ್ಬರದ ಪೆನ್ನಿನಲ್ಲಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. 10 ಮಿಲಿ ಸೀಮೆನ್ಸ್ ವರೆಗಿನ ಪೆನ್ನಿಗೆ 2 ಶೇಕಡಾ ನಿಖರತೆ ಅಂತ ಬರೆದಿದ್ದರೆ, ಅದು ಹೆಚ್ಚಾಗಿ ಪೂರ್ತಿ ಅಳತೆಯ 2 ಶೇಕಡಾ, ಅಂದರೆ 0.2. ನಿಮ್ಮ ನೀರಿನ ಇಸಿ ಅದಕ್ಕಿಂತ ಕೆಳಗೇ ಇರುವ ಸಾಧ್ಯತೆ ಜಾಸ್ತಿ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯ ಬಾವಿಯವರ ವಿಷಯ ಬೇರೆ. ಬೇಸಿಗೆಯಲ್ಲಿ ಕಡಲ ಹತ್ತಿರದ, ಹೊಳೆಯ ಅಳಿವೆ ಹತ್ತಿರದ ಬಾವಿಗೆ ಉಪ್ಪು ಸೇರಿ ಬರೀ ನೀರಿನದ್ದೇ ಇಸಿ ಏರಬಹುದು. ಅವರು ಮಾರ್ಚಿನಿಂದ ಮಳೆ ಬೀಳುವ ತನಕ ಬರೀ ನೀರನ್ನೂ ಆಗಾಗ ಅಳೆಯಲೇಬೇಕು.

ಪಂಪ್ ಓಡುವಾಗ ಮಾತ್ರ ಪಿಎಚ್ ಅಂಕಿ ಹುಚ್ಚಾಪಟ್ಟೆ ಕುಣಿದು, ಪಂಪ್ ನಿಲ್ಲಿಸಿದ ಕೂಡಲೇ ಸರಿಯಾಗುತ್ತದಾ ಅಂತಲೂ ನೋಡಿ. ಲೋಟಕ್ಕೆ ತೆಗೆದ ನೀರಿನಲ್ಲಿ ಸರಿ, ಟ್ಯಾಂಕಿಯಲ್ಲಿ ಮಾತ್ರ ಕುಣಿತ ಅಂದರೆ ಪಂಪಿನಿಂದ ನೀರಿಗೆ ಕರೆಂಟು ಸೋರುತ್ತಿರಬಹುದು. ಅದು ಮೀಟರಿನ ವಿಷಯ ಅಲ್ಲ, ಜೀವದ ವಿಷಯ. ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ, ಸೋರಿಕೆ ಆದರೆ ಟ್ರಿಪ್ ಆಗುವ ಬ್ರೇಕರ್ ಹಾಕಿಸಿ. ಅಲ್ಲಿಯ ತನಕ ಆ ಟ್ಯಾಂಕಿಗೆ ಕೈ ಹಾಕಬೇಡಿ.

ಎಷ್ಟು ದಿನಕ್ಕೊಮ್ಮೆ ಅಂದಿರಿ. ಪಿಎಚ್ ಪೆನ್ನನ್ನು ವಾರಕ್ಕೊಮ್ಮೆ 6.86 ಮತ್ತು 4.01ರಲ್ಲಿ ಅದ್ದಿ ನೋಡಿ. ನೋಡುವುದು ಬೇರೆ, ತಿದ್ದುವುದು ಬೇರೆ. 0.1ರ ಒಳಗಿದ್ದರೆ ಮುಟ್ಟಬೇಡಿ, ಅದಕ್ಕಿಂತ ಜಾಸ್ತಿ ಹೋದರೆ ಕ್ಯಾಲಿಬ್ರೇಟ್ ಮಾಡಿ. ಇಸಿ ಪೆನ್ನಿಗೆ ತಿಂಗಳಿಗೊಮ್ಮೆ ಸಾಕು. ತುದಿ ಒಣಗಿದ್ದರೆ, ತೊಳೆದ ಮೇಲೆ, ಬ್ಯಾಟರಿ ಬದಲಾಯಿಸಿದ ಮೇಲೆ, ಕೆಳಗೆ ಬಿದ್ದರೆ, ಅಥವಾ ಅಂಕಿ ನೋಡಿ ನಿಮಗೇ ನಂಬಿಕೆ ಬಾರದಿದ್ದರೆ ವಾರ ಕಾಯಬೇಡಿ. ಆಸಿಡ್ ಬಾಟಲಿ ಕೈಗೆತ್ತಿಕೊಳ್ಳುವ ಮೊದಲು 6.86ರ ಬಫರಿನಲ್ಲಿ ಒಮ್ಮೆ ಅದ್ದಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಇನ್ನು ಜಾಸ್ತಿ ಬೆಲೆಯ ಮೀಟರ್. ಈಗಲೇ ಬೇಡ. ಸುರಂಗದ ನೀರು ಅದರಲ್ಲೂ 5.4ರಿಂದ 6.3ಕ್ಕೆ ಏರುತ್ತದೆ. ಬಫರ್ ಪೊಟ್ಟಣ, ಸ್ಟೋರೇಜ್ ದ್ರಾವಣ, 1413ರ ದ್ರಾವಣ ಇಷ್ಟಕ್ಕೆ ಮೊದಲು ಹಣ ಹಾಕಿ, ಇರುವ ಎರಡು ಪೆನ್ನಿನ ಸ್ಲೋಪ್ ಲೆಕ್ಕ ಮಾಡಿ, ಚೆನ್ನಾಗಿರುವುದನ್ನು ಇಟ್ಟುಕೊಳ್ಳಿ. ಮುಂದೆ ತಗೊಳ್ಳುವಾಗ ಎಲೆಕ್ಟ್ರೋಡ್ ಮಾತ್ರ ಬಿಚ್ಚಿ ಬದಲಾಯಿಸಬಹುದಾದದ್ದು, ಮಿಲಿವೋಲ್ಟ್ ಅಥವಾ ಸ್ಲೋಪ್ ತೋರಿಸುವಂಥದ್ದು ನೋಡಿ. ಎಷ್ಟೇ ಬೆಲೆಯದಾದರೂ ಗಾಜಿನ ಎಲೆಕ್ಟ್ರೋಡಿನ ಆಯುಷ್ಯ ಒಂದೆರಡು ವರ್ಷ, ಡಬ್ಬಿಯೊಳಗೆ ಸುಮ್ನೆ ಇದ್ದರೂ ಅದು ಹಳತಾಗುತ್ತದೆ. ಹಾಗಾಗಿ ಆಫರ್ ಇದೆ ಅಂತ ಎರಡು ಮೂರು ತಂದು ಕಪಾಟಿನಲ್ಲಿಡುವುದು ಬೇಡ. ಪಾರ್ಸೆಲ್ ಬಂದ ದಿನವೇ ತಯಾರಿಕೆಯ ತಾರೀಕು ನೋಡಿ, ಕ್ಯಾಪ್ ಬಿಚ್ಚಿ ಸ್ಪಂಜು ಮುಟ್ಟಿ ನೋಡಿ. ಪೂರ್ತಿ ಒಣಗಿದ್ದರೆ ವಾಪಸ್ ಕಳಿಸಿ.